ದುಡ್ಡು ಹೋಯ್ತಾ? ಬಾಯಿಬಿಟ್ಟು ಹೇಳಿ!

ಮಧ್ಯಾಹ್ನದ ಕೆಲಸವೆಲ್ಲ ಮುಗಿದಿದೆ. ಮೊಬೈಲ್ ಹಿಡಿದು ಕುಳಿತಿದ್ದೀರಿ. ಕಣ್ಣೆದುರಿಗೆ ಕೆಂಪು ಸೆರಗಿನ ಇಳಕಲ್ ಸೀರೆ. ಬೆಲೆ ಕೇವಲ 699 ರೂಪಾಯಿ! ಗಾಂಧಿ ಚೌಕದ ಅಂಗಡಿಯಲ್ಲಿ ಎಷ್ಟು ಹೇಳಿದ್ದರು ಎಂದು ಮನಸ್ಸು ಆಗಲೇ ಲೆಕ್ಕ ಹಾಕುತ್ತಿದೆ. ‘ಇನ್ನು ಹತ್ತೇ ನಿಮಿಷ’ ಎಂಬ ಗಡಿಯಾರ ಬೇರೆ ಓಡುತ್ತಿದೆ. ಸರಿ, ಕಾರ್ಡಿನ ನಂಬರ್ ಒತ್ತಿದಿರಿ. ಹಣ ಹೋಯಿತು, ಸೀರೆ ಬರಲಿಲ್ಲ.

ನಾಲ್ಕು ದಿನ ಕಾದು, ಅವರೇ ಕೊಟ್ಟ ಕಸ್ಟಮರ್ ಕೇರ್ ನಂಬರಿಗೆ ಫೋನ್ ಮಾಡಿದರೆ ಬಲು ಮರ್ಯಾದೆಯ ದನಿ: ‘ದುಡ್ಡು ವಾಪಸ್ ಹಾಕ್ತೀವ್ರಿ ಮೇಡಂ. ಒಂದು ಒಟಿಪಿ ಬರ್ತದ, ಅಷ್ಟು ಹೇಳಿಬಿಡ್ರಿ.’ ನೀವು ಹೇಳಿದಿರಿ. ಕಾರ್ಡಿನ ನಂಬರ್ ಆಗಲೇ ಅವರ ಕೈಯಲ್ಲಿತ್ತಲ್ಲ, ಬೇಕಿದ್ದದ್ದು ಒಟಿಪಿ ಮಾತ್ರ. ಮರುಕ್ಷಣವೇ ಮೆಸೇಜ್ ಬಂತು. ಖಾತೆಯಿಂದ 18,000 ರೂಪಾಯಿ ಮಾಯ!

ಇಂಥ ಹೊತ್ತಿನಲ್ಲಿ ನೀವೇನು ಮಾಡುತ್ತೀರಿ? ನಿಜ ಹೇಳಿ. ನಮ್ಮಲ್ಲಿ ಎಷ್ಟೋ ಮಂದಿ ಮೊಬೈಲ್ ಬೋರಲು ಹಾಕಿಟ್ಟು ಸುಮ್ಮನಾಗಿಬಿಡುತ್ತೇವೆ. ‘ಮನ್ಯಾಗ ಗೊತ್ತಾದ್ರ ಬೈತಾರ. ನಿನಗ್ಯಾಕ ಬೇಕಾಗಿತ್ತು ಆನ್‌ಲೈನು ಅಂತಾರ. ನಾಳೆ ಮೊಬೈಲೂ ಕಸಗೊಂಡಾರು...’ ರೊಟ್ಟಿ ಬಡಿಯುವಾಗಲೂ ಅದೇ ಚಿಂತೆ. ‘ಯಾಕವ್ವಾ, ಆರಾಮಿಲ್ಲೇನು?’ ಎಂದು ಅತ್ತೆ ಕೇಳಿದರೆ, ‘ಏನಿಲ್ಲ ಬಿಡ್ರಿ, ತಲಿ ನೋಯಾಕತ್ತೈತಿ’ ಎಂಬ ಉತ್ತರ. ಹೀಗೇ ಎರಡು ದಿನ, ನಾಲ್ಕು ದಿನ, ಒಂದು ವಾರ!

ಕಳ್ಳನಿಗೆ ಬೇಕಾದದ್ದೂ ಇದೇ. ನೀವು ಸುಮ್ಮನಿದ್ದಷ್ಟು ಹೊತ್ತು ಅವನು ಆ ಹಣವನ್ನು ಖಾತೆಯಿಂದ ಖಾತೆಗೆ ದಾಟಿಸುತ್ತಾ ಹೋಗುತ್ತಾನೆ.

ಗೋಡೆ ಒಡೆಯದ ಕಳ್ಳ

2025ರಲ್ಲಿ ನಮ್ಮ ಜಿಲ್ಲೆ ಎರಡು ಬಾರಿ ಸುದ್ದಿಯಾಯಿತು. ಮೇ ತಿಂಗಳಲ್ಲಿ ಮನಗೂಳಿಯ ಕೆನರಾ ಬ್ಯಾಂಕ್ ಶಾಖೆಯಿಂದ ಸುಮಾರು 58 ಕಿಲೋ ಚಿನ್ನ ಕಳವಾಯಿತು. ಸೆಪ್ಟೆಂಬರ್‌ನಲ್ಲಿ ಚಡಚಣದ ಸ್ಟೇಟ್ ಬ್ಯಾಂಕಿಗೆ ಮುಸುಕುಧಾರಿಗಳು ನುಗ್ಗಿದರು. ಅಲ್ಲಿ ಬಂಗಾರ ಅಡವಿಟ್ಟ ಹೆಣ್ಣುಮಗಳನ್ನು ‘ನಿಂದೇ ತಪ್ಪು’ ಎನ್ನಲು ಯಾರಿಗಾದರೂ ಮನಸ್ಸು ಬಂದೀತೇ? ಆದರೆ ಕಾರ್ಡಿನಿಂದ ಹಣ ಹೋದಾಗ ಮಾತ್ರ ಕಳೆದುಕೊಂಡವಳೇ ತಪ್ಪಿತಸ್ಥೆ. ಕಳ್ಳತನ ಎರಡೂ ಒಂದೇ ಅಲ್ವಾ? ಇವನು ಗೋಡೆ ಒಡೆಯುವುದಿಲ್ಲ, ಅಷ್ಟೇ ವ್ಯತ್ಯಾಸ.

ಟಿಕೋಟಾ, ಬಬಲೇಶ್ವರದ ಹಳ್ಳಿಗಳ ಹೆಣ್ಣುಮಕ್ಕಳ ಹೆಸರಿನಲ್ಲೂ ಈಗ ಖಾತೆ ಇದೆ, ಪರ್ಸಿನಲ್ಲಿ ಕಾರ್ಡ್ ಇದೆ. 2023ರ ಆಗಸ್ಟ್‌ನಲ್ಲಿ ಶುರುವಾದ ಗೃಹಲಕ್ಷ್ಮಿಯ ಹಣ, ಸ್ವಸಹಾಯ ಸಂಘದ ಸಾಲ, ಒಣದ್ರಾಕ್ಷಿ ಮಾರಿ ಉಳಿಸಿದ ನಾಲ್ಕು ಕಾಸು ಎಲ್ಲವೂ ಬಂದು ಬೀಳುವುದು ಅದೇ ಖಾತೆಗೆ. ಸೀರೆಯ 699 ಹೋದರೆ ಹೋಗಲಿ ಎನ್ನಬಹುದು. ಮಗಳ ಕಾಲೇಜಿನ ಫೀ ಹೋದರೆ?

ಬಸ್ ಹಿಡಿಯುವ ಮೊದಲು ಫೋನ್

‘ಇವತ್ತು ಹೊತ್ತಾತು, ನಾಳೆ ಮುಂಜಾನೆ ಬಸ್ಸಿಗೆ ವಿಜಯಪುರಕ್ಕೆ ಹೋಗಿ ಬ್ಯಾಂಕಿನ್ಯಾಗ ಕೇಳಿದ್ರಾತು’ ಎಂದು ಕೂರಬೇಡಿ. ಬೆಳಗಾಗುವಷ್ಟರಲ್ಲಿ ಹಣ ಯಾವ ರಾಜ್ಯ ಸೇರಿರುತ್ತದೋ! ಮನೆಯಲ್ಲೇ ಕುಳಿತು ಹೀಗೆ ಮಾಡಿ:

* ಕಾರ್ಡಿನ ಹಿಂಬದಿಯಲ್ಲಿರುವ ಬ್ಯಾಂಕಿನ ಸಹಾಯವಾಣಿಗೆ ಫೋನ್ ಮಾಡಿ, ಕಾರ್ಡ್ ಬ್ಲಾಕ್ ಮಾಡಿಸಿ. ದೂರಿನ ಸಂಖ್ಯೆ ಕೇಳಿ ಬರೆದುಕೊಳ್ಳಿ.
* ಕೂಡಲೇ 1930ಕ್ಕೆ ಕರೆ ಮಾಡಿ. ಇದು ಸೈಬರ್ ವಂಚನೆಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ. ಹಣ ಯಾವ ಖಾತೆಗೆ ಹೋಗಿದೆಯೋ ಆ ಬ್ಯಾಂಕಿಗೆ ಇಲ್ಲಿಂದ ಸುದ್ದಿ ಮುಟ್ಟುತ್ತದೆ. ಅಲ್ಲಿ ಹಣ ಇನ್ನೂ ಉಳಿದಿದ್ದರೆ ತಡೆಹಿಡಿಯಬಹುದು. ‘ಉಳಿದಿದ್ದರೆ’ ಎಂಬ ಮಾತನ್ನು ಗಮನಿಸಿ!
* ಕೇಂದ್ರ ಸರಕಾರದ ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ದೂರು ದಾಖಲಿಸಿ. ಬರದಿದ್ದರೆ ಓದಿದ ಮಕ್ಕಳ ನೆರವು ಪಡೆಯಿರಿ. ವಿಜಯಪುರದ ಸಿಇಎನ್ ಪೊಲೀಸ್ ಠಾಣೆ ಇರುವುದೂ ಇಂಥ ದೂರಿಗಾಗಿಯೇ.
* ಮೆಸೇಜು, ಆ ವೆಬ್‌ಸೈಟಿನ ಫೋಟೋ, ಫೋನ್ ನಂಬರ್ ಯಾವುದನ್ನೂ ಅಳಿಸಬೇಡಿ. ಅವೇ ನಿಮ್ಮ ಸಾಕ್ಷಿ.

ಮೂರು ದಿನದ ಲೆಕ್ಕ

2017ರ ಜುಲೈನಲ್ಲಿ ರಿಸರ್ವ್ ಬ್ಯಾಂಕ್ ಎಲ್ಲ ಬ್ಯಾಂಕುಗಳಿಗೂ ಒಂದು ಸುತ್ತೋಲೆ ಕಳಿಸಿತು. ನೀವು ಯಾರಿಗೂ ಏನೂ ಹೇಳಿಲ್ಲ, ಬ್ಯಾಂಕಿನದೂ ತಪ್ಪಿಲ್ಲ, ಮಾಹಿತಿ ಬೇರೆಲ್ಲೋ ಸೋರಿ ಹಣ ಹೋಗಿದೆ ಎನ್ನಿ. ಬ್ಯಾಂಕಿನ ಮೆಸೇಜ್ ಬಂದ ಮೂರು ಕೆಲಸದ ದಿನಗಳೊಳಗೆ ದೂರು ಕೊಟ್ಟರೆ ನಷ್ಟ ನಿಮ್ಮದಲ್ಲ. ನಾಲ್ಕರಿಂದ ಏಳು ದಿನವಾದರೆ ಒಂದು ಪಾಲು ನಿಮ್ಮ ಮೇಲೆ. ಆ ಸುತ್ತೋಲೆಯ ಪ್ರಕಾರ ಸಾಮಾನ್ಯ ಉಳಿತಾಯ ಖಾತೆಯಾದರೆ ಅದು ಹೆಚ್ಚೆಂದರೆ 10,000 ರೂಪಾಯಿ, ಮೂಲ ಉಳಿತಾಯ ಖಾತೆಯಾದರೆ 5,000. ಏಳು ದಿನ ದಾಟಿತೋ, ಬ್ಯಾಂಕಿನ ಸ್ವಂತ ನಿಯಮ ಹೇಳಿದಂತೆ. ತಪ್ಪು ಗ್ರಾಹಕರದೇ ಎಂದು ತೋರಿಸಿಕೊಡುವ ಹೊಣೆಯನ್ನೂ ಬ್ಯಾಂಕಿನ ಮೇಲೇ ಹಾಕಲಾಗಿದೆ. (ಮೊತ್ತಗಳು ಬದಲಾಗುವುದುಂಟು, ನಿಮ್ಮ ಶಾಖೆಯಲ್ಲಿ ಒಮ್ಮೆ ಕೇಳಿಕೊಳ್ಳಿ.)

‘ಒಟಿಪಿ ನಾನೇ ಹೇಳಿಬಿಟ್ಟೆನಲ್ಲಾ?’ ಎನ್ನುತ್ತೀರಾ? ಹಾಗಿದ್ದರೆ ದೂರು ಕೊಡುವವರೆಗಿನ ನಷ್ಟ ನಿಮ್ಮದೇ ಎನ್ನುತ್ತದೆ ಅದೇ ಸುತ್ತೋಲೆ. ಆದರೆ ದೂರು ಕೊಟ್ಟ ನಂತರ ಹೋದದ್ದು ಬ್ಯಾಂಕಿನ ತಲೆಗೆ. ಅಂದಮೇಲೆ ಒಟಿಪಿ ಹೇಳಿದವರೇ ಎಲ್ಲರಿಗಿಂತ ಮೊದಲು ಓಡಬೇಕು. 18,000 ಹೋದ ಖಾತೆಯಲ್ಲಿ ಉಳಿದ ಹಣವನ್ನಾದರೂ ಕಾಯಬೇಕಲ್ಲ?

ಬ್ಯಾಂಕಿಗೆ ದೂರು ಕೊಟ್ಟು 30 ದಿನವಾದರೂ ಉತ್ತರವಿಲ್ಲವೇ? ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ಬರೆಯಬಹುದು. ಅದಕ್ಕೆ ಖರ್ಚಿಲ್ಲ.

ಕೊಳ್ಳುವ ಮೊದಲು ಕೊಂಚ ಎಚ್ಚರ

ಆನ್‌ಲೈನ್ ಖರೀದಿಯೇ ಬೇಡವೆಂದಲ್ಲ. ಬಿಸಿಲಲ್ಲಿ ಬಸ್ಸಿಗೆ ಕಾಯುವುದು ತಪ್ಪುತ್ತದೆ, ಬೇಕಾದ ಅಳತೆಯ ಚಪ್ಪಲಿ ಮನೆಗೇ ಬರುತ್ತದೆ. ಸಂತೆಯಲ್ಲಿ ಬದನೆಕಾಯಿಯನ್ನೂ ತಿರುಗಿಸಿ ನೋಡಿ ಕೊಳ್ಳುವವರು ನಾವು. ಅದೇ ಜಾಣತನ ಇಲ್ಲೂ ಇರಲಿ.

* ವಿಳಾಸ ಹುಡುಕಿ: 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಆನ್‌ಲೈನ್ ಅಂಗಡಿಯವರು ತಮ್ಮ ಹೆಸರು, ವಿಳಾಸ, ದೂರು ಕೇಳುವ ಅಧಿಕಾರಿಯ ಹೆಸರು ಎಲ್ಲವನ್ನೂ ಕಾಣುವಂತೆ ಹಾಕಬೇಕು. ಬರೀ ವಾಟ್ಸ್‌ಆ್ಯಪ್ ನಂಬರ್ ಇದ್ದರೆ ದೂರವಿರಿ. ಬೀಗದ ಚಿತ್ರ ಕಂಡಿತೆಂದು ನಂಬಬೇಡಿ, ಮೋಸದ ಸೈಟಿಗೂ ಬೀಗ ಇರುತ್ತದೆ.

* ಒಟಿಪಿ ನಿಮ್ಮ ಸಹಿ: ಆನ್‌ಲೈನ್‌ನಲ್ಲಿ ಕಾರ್ಡ್ ಬಳಸಲು ನಂಬರ್ ಜೊತೆ ಇನ್ನೊಂದು ಗುರುತು ಬೇಕೆಂಬ ನಿಯಮ ನಮ್ಮ ದೇಶದಲ್ಲಿ 2009ರ ಆಗಸ್ಟ್‌ನಲ್ಲಿ ಬಂತು. ಆ ಗುರುತೇ ಒಟಿಪಿ. ಖಾಲಿ ಕಾಗದಕ್ಕೆ ಯಾರಾದರೂ ಸಹಿ ಹಾಕುತ್ತಾರೆಯೇ? ಮೆಸೇಜನ್ನು ಪೂರ್ತಿ ಓದಿ. ಎಷ್ಟು ಹಣ, ಯಾರಿಗೆ ಎಂದು ಅದರಲ್ಲೇ ಇರುತ್ತದೆ.

* ಹಣ ಬರಲು ಪಿನ್ ಬೇಡ: ‘ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡ್ರಿ, ಪಿನ್ ಒತ್ರಿ, ದುಡ್ಡು ಬರ್ತದ’ ಎಂದರೆ ಅದು ಮೋಸ. ಪಿನ್ ಒತ್ತುವುದು ಹಣ ಕೊಡುವುದಕ್ಕೆ ಮಾತ್ರ.

* ಕಾರ್ಡಿಗೂ ಸ್ವಿಚ್ ಇದೆ: ಆನ್‌ಲೈನ್ ಖರೀದಿ, ವಿದೇಶಿ ಬಳಕೆ, ಪಿನ್ ಇಲ್ಲದೆ ತಾಗಿಸಿ ಕೊಡುವುದು ಇವನ್ನು ಬೇಕೆಂದಾಗ ಆನ್, ಬೇಡವಾದಾಗ ಆಫ್ ಮಾಡುವ ಸೌಲಭ್ಯ 2020ರ ಅಕ್ಟೋಬರ್‌ನಿಂದ ಇದೆ. ಬ್ಯಾಂಕಿನ ಆ್ಯಪ್‌ನಲ್ಲಿ ಮಿತಿಯನ್ನೂ ಹಾಕಬಹುದು. ವಿದೇಶಿ ಬಳಕೆಯನ್ನಂತೂ ಮುಚ್ಚಿಯೇ ಇಡಿ. ಹೊರದೇಶದ ಎಷ್ಟೋ ಸೈಟುಗಳು ಒಟಿಪಿ ಕೇಳುವುದೇ ಇಲ್ಲ!

* ಖರೀದಿಗೆ ಬೇರೆ ಖಾತೆ: ಸಾಸಿವೆ ಡಬ್ಬಿಯಲ್ಲಿ ಚಿಲ್ಲರೆ ಇಡುತ್ತಿದ್ದ ಅಜ್ಜಿಯಂದಿರು ಇಡೀ ಗಂಟನ್ನು ಅಲ್ಲಿಡುತ್ತಿರಲಿಲ್ಲ. ಸಣ್ಣ ಮೊತ್ತದ ಒಂದು ಖಾತೆಯನ್ನು ಖರೀದಿಗೆ ಇಟ್ಟುಕೊಳ್ಳಿ. ಉಳಿತಾಯದ ಹಣ ಇನ್ನೊಂದರಲ್ಲಿರಲಿ.

* ಆಮಂತ್ರಣವೆಂದು ಒತ್ತಬೇಡಿ: ಮದುವೆ ಕಾರ್ಡ್, ಪಾರ್ಸೆಲ್, ದಂಡದ ಚಲನ್ ಎಂದು ವಾಟ್ಸ್‌ಆ್ಯಪ್‌ನಲ್ಲಿ ಬರುವ ‘ಎಪಿಕೆ’ ಫೈಲು ಒತ್ತಿದರೆ ಮೊಬೈಲೇ ಅವರ ಕೈಗೆ ಹೋಗಬಹುದು. ನಿಮ್ಮ ಪರದೆಯನ್ನು ದೂರದಿಂದ ನೋಡುವ ಆ್ಯಪ್ ಹಾಕಿಕೊಳ್ಳಿ ಎಂದರೂ ಅಷ್ಟೇ.

* ಎಟಿಎಂನಲ್ಲಿ ‘ಅಣ್ಣ’ಂದಿರು: ‘ಕೊಡ್ರಿ ಅಕ್ಕಾ, ನಾ ತಗದು ಕೊಡ್ತೀನಿ’ ಎಂದವರ ಕೈಗೆ ಕಾರ್ಡ್ ಕೊಡಬೇಡಿ. ಕಾರ್ಡ್ ಅದಲು ಬದಲು ಮಾಡುವವರಿದ್ದಾರೆ. ವಾಪಸ್ ಬಂದ ಕಾರ್ಡಿನ ಮೇಲೆ ನಿಮ್ಮದೇ ಹೆಸರಿದೆಯೇ ನೋಡಿ.

ಸೀರೆ ಬದಲು ಹಳೆ ಬಟ್ಟೆ ಬಂದರೆ?

ಪಾರ್ಸೆಲ್ ಬಿಚ್ಚುವಾಗ ಮೊಬೈಲ್‌ನಲ್ಲಿ ವಿಡಿಯೊ ಮಾಡಿಕೊಳ್ಳಿ, ಬಿಲ್ ಜೋಪಾನವಾಗಿಡಿ. ಅಂಗಡಿಯವರು ಕೇಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಕಂಪನಿ ದಿಲ್ಲಿಯಲ್ಲಿದ್ದರೂ ನೀವು ದಿಲ್ಲಿಗೆ ಅಲೆಯಬೇಕಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀವು ಇರುವ ಜಿಲ್ಲೆಯ ಗ್ರಾಹಕರ ಆಯೋಗದಲ್ಲೇ ದೂರು ಕೊಡಬಹುದು. ಐದು ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವೂ ಇಲ್ಲ.

ಮನೆಯವರಿಗೆ ಒಂದು ಮಾತು

ಇದನ್ನು ಓದಿದ ಮೇಲೆ ಪತ್ರಿಕೆಯನ್ನು ಮನೆಯವರ ಕೈಗೂ ಕೊಡಿ. ಮೋಸ ಹೋಗುವುದು ಹೆಂಗಸರು ಮಾತ್ರವಲ್ಲ, ಕಲಿತ ಗಂಡಸರು, ದೊಡ್ಡ ನೌಕರಿಯವರೂ ಹೋಗಿದ್ದಾರೆ. ಹೆಂಡತಿಯೋ ಸೊಸೆಯೋ ಗಾಬರಿಯಿಂದ ಬಂದು ‘ದುಡ್ಡು ಹೋತು’ ಎಂದರೆ ಮೊದಲು ಫೋನ್ ಎತ್ತಿಕೊಳ್ಳಿ. ಬೈಯಲೇಬೇಕೆಂದಿದ್ದರೆ ಆಮೇಲೆ ಬೈದರಾಯಿತು. ಒಮ್ಮೆ ಬೈಸಿಕೊಂಡವಳು ಮುಂದಿನ ಸಲ ಹೇಳುವುದೇ ಇಲ್ಲ, ಆಗ ಹೋಗುವುದು ಇಡೀ ಮನೆಯ ಹಣ.

ಇನ್ನು ನೀವು, ಈಗಲೇ ಎದ್ದು ಅಡುಗೆಮನೆಯ ಕ್ಯಾಲೆಂಡರ್ ಹತ್ತಿರ ಹೋಗಿ. ಗ್ಯಾಸ್ ಬುಕಿಂಗ್ ನಂಬರ್ ಬರೆದಿದ್ದೀರಲ್ಲ, ಅದರ ಕೆಳಗೇ ದಪ್ಪಕ್ಷರದಲ್ಲಿ 1930 ಎಂದು ಬರೆಯಿರಿ. ಪಕ್ಕದಲ್ಲೇ ನಿಮ್ಮ ಬ್ಯಾಂಕಿನ ನಂಬರೂ ಇರಲಿ. ಗಾಬರಿಯಾದಾಗ ಹುಡುಕುತ್ತಾ ಕೂರುವಷ್ಟು ಹೊತ್ತು ಇರುವುದಿಲ್ಲ.