ಲೆಕ್ಕದ ಕೋಲುಗಳಿಂದ ಸುಟ್ಟ ಸಂಸತ್ ಭವನ

ಹಳೆಯ ಖಾತೆ ಪುಸ್ತಕಗಳನ್ನೂ ಬಿಲ್ಲುಗಳ ಕಟ್ಟುಗಳನ್ನೂ ವಿಲೇವಾರಿ ಮಾಡುವುದು ಪ್ರತಿಯೊಂದು ವ್ಯಾಪಾರ ಸಂಸ್ಥೆಯಲ್ಲಿಯೂ ನಡೆಯುವ ಸಾಮಾನ್ಯ ಕೆಲಸ. ಅಂತಹುದೇ ಕೆಲಸದಲ್ಲಿ ತೋರಿದ ಅಜಾಗರೂಕತೆಯಿಂದ 1834ರ ಅಕ್ಟೋಬರ್ 16ರಂದು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್‌ನಲ್ಲಿದ್ದ ಬ್ರಿಟಿಷ್ ಸಂಸತ್ ಭವನದ ಬಹುಭಾಗ ಭಸ್ಮವಾಯಿತು.

ಮಧ್ಯಯುಗದಿಂದಲೂ ಇಂಗ್ಲೆಂಡಿನ ಖಜಾನೆಯು ಹಣ ಸಂದಾಯಕ್ಕೆ ಮರದ ಕೋಲುಗಳನ್ನೇ ರಸೀದಿಯಾಗಿ ಬಳಸುತ್ತಿತ್ತು. ಸಾವಿರ ಪೌಂಡಿಗೆ ಅಂಗೈಯಗಲ, ನೂರು ಪೌಂಡಿಗೆ ಹೆಬ್ಬೆರಳಿನಗಲದ ಕಚ್ಚುಗಳನ್ನು ಕೊರೆದು, ಕೋಲನ್ನು ಉದ್ದುದ್ದಕ್ಕೆ ಸೀಳಿ, ಒಂದು ಭಾಗವನ್ನು ಹಣ ತೆತ್ತವನಿಗೆ ಕೊಟ್ಟು ಇನ್ನೊಂದನ್ನು ಖಜಾನೆಯಲ್ಲಿ ಇಡಲಾಗುತ್ತಿತ್ತು. ಎರಡೂ ಭಾಗಗಳು ಹೊಂದಿಕೊಂಡರೆ ಮಾತ್ರ ಲೆಕ್ಕ ಸರಿ. 1826ರಲ್ಲಿ ಈ ಪದ್ಧತಿ ನಿಂತುಹೋಯಿತು; ಕೋಲುಗಳ ರಾಶಿ ಮಾತ್ರ ಉಳಿಯಿತು.

ಎರಡು ಗಾಡಿಗಳಷ್ಟಿದ್ದ ಈ ಕೋಲುಗಳನ್ನು ಪ್ರಭುಗಳ ಸಭೆಯ ಕೆಳಗಿದ್ದ, ಕಟ್ಟಡವನ್ನು ಬೆಚ್ಚಗಿಡುವ ಒಲೆಗಳಲ್ಲಿ ಸುಡಲು ನಿರ್ಧರಿಸಲಾಯಿತು. ಕೆಲಸಗಾರರಿಬ್ಬರು ಬೆಳಗಿನಿಂದ ಸಂಜೆಯವರೆಗೆ ಕೋಲುಗಳನ್ನು ಒಲೆಗೆ ತುಂಬಿದರು. ಮಧ್ಯಾಹ್ನ ಸಭಾಂಗಣವನ್ನು ನೋಡಲು ಬಂದವರಿಗೆ ನೆಲದ ಬಿಸಿ ಪಾದರಕ್ಷೆಯ ಮೂಲಕವೂ ತಟ್ಟಿತು, ಹೊಗೆಯೂ ಕಾಣಿಸಿತು. ಆದರೂ ಕೆಲಸ ನಿಲ್ಲಲಿಲ್ಲ. ಸಂಜೆ ಆರರ ಸುಮಾರಿಗೆ ಹೊಗೆನಾಳಗಳಿಂದ ಬೆಂಕಿ ಕಟ್ಟಡಕ್ಕೆ ವ್ಯಾಪಿಸಿತು. ವಿಮಾ ಕಂಪನಿಗಳು 1833ರಲ್ಲಿ ಒಗ್ಗೂಡಿ ಸ್ಥಾಪಿಸಿದ್ದ ಅಗ್ನಿಶಾಮಕ ದಳದ ಶ್ರಮದಿಂದ ಪ್ರಾಚೀನ ವೆಸ್ಟ್‌ಮಿನ್‌ಸ್ಟರ್ ಹಾಲ್ ಉಳಿಯಿತು. ಅಜಾಗರೂಕತೆಯೇ ಕಾರಣವೆಂದು ವಿಚಾರಣೆಯಲ್ಲಿ ತೀರ್ಮಾನವಾಯಿತು.

ಪುನರ್ನಿರ್ಮಾಣಕ್ಕಾಗಿ ಏರ್ಪಡಿಸಿದ ಸ್ಪರ್ಧೆಗೆ 97 ವಿನ್ಯಾಸಗಳು ಬಂದವು. ಚಾರ್ಲ್ಸ್ ಬ್ಯಾರಿಯವರ ವಿನ್ಯಾಸ ಆಯ್ಕೆಯಾಗಿ, 1840ರಲ್ಲಿ ಶಂಕುಸ್ಥಾಪನೆ ನೆರವೇರಿತು. ಆರು ವರ್ಷಗಳಲ್ಲಿ, ಸುಮಾರು 7.25 ಲಕ್ಷ ಪೌಂಡುಗಳಲ್ಲಿ ಮುಗಿಯಬಹುದೆಂದು ಅಂದಾಜು. ಪ್ರಭುಗಳ ಸಭೆ 1847ರಲ್ಲಿ, ಸಾಮಾನ್ಯರ ಸಭೆ 1852ರಲ್ಲಿ ಸಿದ್ಧವಾದರೂ ಉಳಿದ ಕೆಲಸ 1860ರಲ್ಲಿ ಬ್ಯಾರಿಯವರು ತೀರಿಕೊಂಡಾಗಲೂ ಮುಗಿದಿರಲಿಲ್ಲ. ಒಟ್ಟು ವೆಚ್ಚ 20 ಲಕ್ಷ ಪೌಂಡುಗಳನ್ನು ಮೀರಿತು. ಬೆಂಕಿಯ ಪಾಠ ಕಲಿತು ಛಾವಣಿಗೆ ಎರಕದ ಕಬ್ಬಿಣವನ್ನು ಬಳಸಲಾಯಿತು. ಕಡತಗಳಿಗಾಗಿಯೇ ವಿಕ್ಟೋರಿಯಾ ಗೋಪುರವನ್ನು ಕಟ್ಟಲಾಯಿತು.

ವರ್ತಕರು ವಿಶೇಷವಾಗಿ ಗಮನಿಸಬೇಕಾದ ನಷ್ಟವೊಂದಿದೆ. ದೇಶದ ಅಳತೆ ಮತ್ತು ತೂಕಗಳಿಗೆ ಆಧಾರವಾಗಿದ್ದ ಮೂಲ ಗಜದ ಕೋಲು ಮತ್ತು ಪೌಂಡಿನ ಬಟ್ಟು ಈ ಭವನದಲ್ಲಿಯೇ ಇದ್ದು, ಬೆಂಕಿಗೆ ಈಡಾದವು. ಗಜ ನಷ್ಟವಾದರೆ ಲೋಲಕದ ಉದ್ದದಿಂದ ಅದನ್ನು ಪುನಃ ನಿರ್ಧರಿಸಬೇಕೆಂದು 1824ರ ಕಾನೂನು ಹೇಳಿತ್ತು. ಆ ವಿಧಾನ ನಂಬಲರ್ಹವಲ್ಲವೆಂದು ತಜ್ಞರು ಕಂಡುಕೊಂಡರು. ಕೊನೆಗೆ ನೆರವಾದುದು ಹಿಂದೆ ಮೂಲದೊಡನೆ ಹೋಲಿಸಿ ತಯಾರಿಸಿದ್ದ ಪ್ರತಿಗಳು. ಅವುಗಳ ಆಧಾರದಿಂದ ಸಿದ್ಧಪಡಿಸಿದ ಹೊಸ ಮಾನಕಗಳಿಗೆ 1855ರಲ್ಲಿ ಕಾನೂನಿನ ಮಾನ್ಯತೆ ದೊರೆಯಿತು. ಈ ಬಾರಿ ಅಧಿಕೃತ ಪ್ರತಿಗಳನ್ನು ಟಂಕಸಾಲೆ, ರಾಯಲ್ ಸೊಸೈಟಿ ಮತ್ತು ಗ್ರೀನ್‌ವಿಚ್ ವೀಕ್ಷಣಾಲಯಗಳಲ್ಲಿ ಇರಿಸಿ, ಒಂದನ್ನು ಹೊಸ ಭವನದ ಗೋಡೆಯೊಳಗೆ ಭದ್ರಪಡಿಸಲಾಯಿತು.

ಸಾಮಾನ್ಯರ ಸಭೆಯ ಶತಮಾನಗಳ ಕಡತಗಳಿಗೆ ಈ ಭಾಗ್ಯವಿರಲಿಲ್ಲ. ಅವುಗಳಲ್ಲಿ ಹೆಚ್ಚಿನವು ಶಾಶ್ವತವಾಗಿ ನಾಶವಾದವು. ಪ್ರತ್ಯೇಕವಾದ ಜ್ಯುವೆಲ್ ಟವರ್‌ನಲ್ಲಿ ಇರಿಸಿದ್ದ ಪ್ರಭುಗಳ ಸಭೆಯ ದಾಖಲೆಗಳು ಉಳಿದವು.

ನಮ್ಮ ಅಂಗಡಿ, ಉಗ್ರಾಣ, ಕಾರ್ಖಾನೆಗಳಲ್ಲಿ ಕಟ್ಟಡಕ್ಕೂ ಸರಕಿಗೂ ವಿಮೆ ಮಾಡಿಸುತ್ತೇವೆ. ಆದರೆ ಬಾಕಿ ವಸೂಲಿಗೆ ಆಧಾರವಾದ ಲೆಡ್ಜರು, ಪರವಾನಗಿ, ಕರಾರುಪತ್ರ, ಅಚ್ಚುಗಳ ನಕ್ಷೆ ಇವುಗಳನ್ನು ವಿಮೆಯ ಹಣದಿಂದ ಮರಳಿ ಪಡೆಯಲಾಗದು. ಗಣಕಯಂತ್ರದಲ್ಲಿರುವ ಲೆಕ್ಕದ ಪ್ರತಿಯೂ ಅದೇ ಕೊಠಡಿಯಲ್ಲಿದ್ದರೆ ಅದರಿಂದ ಪ್ರಯೋಜನ ಅಲ್ಪ. ಆದುದರಿಂದ ಸದಸ್ಯರು ಮುಖ್ಯ ದಾಖಲೆಗಳ ಒಂದು ಪ್ರತಿಯನ್ನು ಬೇರೊಂದು ಕಟ್ಟಡದಲ್ಲಿ ಇಡುವುದೂ, ಹಳೆಯ ಕಾಗದಪತ್ರಗಳನ್ನು ಆವರಣದೊಳಗೆ ಸುಡದಂತೆ ನೋಡಿಕೊಳ್ಳುವುದೂ ಕ್ಷೇಮಕರ.