ಹೆಸರು ಮೂರು, ಆಮೆ ಒಂದೇ

ಆಮೆಯೆಂದೊಡನೆ ನಮಗೆ ನೆನಪಾಗುವುದು ಕಲ್ಲಿನಂತಹ ಬೆನ್ನು. ಆದರೆ ಬೆನ್ನ ಮೇಲೆ ಬರಿಯ ತೊಗಲನ್ನು ಹೊದ್ದ ಆಮೆಗಳ ದೊಡ್ಡ ಮನೆತನವೊಂದು ನಮ್ಮ ನದಿಗಳಲ್ಲಿ ಬಾಳುತ್ತಿದೆ. ಇವು ಮೆದುಚಿಪ್ಪಿನ ಆಮೆಗಳು. ಪ್ರಾಣಿಶಾಸ್ತ್ರಜ್ಞರು ಈ ಕುಟುಂಬವನ್ನು ಟ್ರಯೊನಿಕಿಡೇ ಎನ್ನುತ್ತಾರೆ.

ಮನೆತನ ಬಹು ಪುರಾತನವಾದುದು. ಏಷ್ಯದಲ್ಲಿ ದೊರೆತ ಇವುಗಳ ಪಳೆಯುಳಿಕೆಗಳು 10 ಕೋಟಿ ವರ್ಷಗಳಿಗೂ ಹಿಂದಿನವು. ಕಾಲಕ್ರಮದಲ್ಲಿ ಇವು ಬೆನ್ನ ಮೇಲಿನ ಗಡುಸು ಹಲ್ಲೆಗಳನ್ನು ಕಳೆದುಕೊಂಡುವು. ಚಿಪ್ಪಿನ ಅಂಚಿನ ಮೂಳೆಗಳೂ ಕ್ಷಯಿಸಿದುವು. ಇದರಿಂದ ನಷ್ಟವಾಯಿತೆ? ಇಲ್ಲ. ಮೈ ಹಗುರವಾಯಿತು, ಈಜು ಚುರುಕಾಯಿತು. ಮರಳಿನಲ್ಲಿ ಹುದುಗಿ, ಕೊಳವೆಯಂತಹ ಮೂಗನ್ನು ಮಾತ್ರ ಮೇಲಕ್ಕೆ ಚಾಚಿ ಹೊಂಚುಹಾಕುವುದು ಸುಲಭವಾಯಿತು. ನೀರಿನೊಳಗೆ ತೊಗಲಿನ ಮೂಲಕವೂ ಇವು ಪ್ರಾಣವಾಯುವನ್ನು ಹೀರಬಲ್ಲವು.

ಮನೆತನಕ್ಕೆ ಎರಡು ಕವಲು. ಊರ ಕಡೆಯ ಕೆರೆಗಳಲ್ಲಿ, ಹಿಂಗಾಲನ್ನು ಒಳಗೆಳೆದುಕೊಂಡು ತೊಗಲಿನ ಮುಚ್ಚಳ ಹಾಕಿಕೊಳ್ಳುವ ಆಮೆಯನ್ನು ನಮ್ಮಲ್ಲಿ ಹಲವರು ಕಂಡಿರಬಹುದು. ಅದು ಚಿಕ್ಕ ಕವಲಿನದು. ಅದರ ಹತ್ತಿರದ ಬಳಗ ಇರುವುದು ಆಫ್ರಿಕದಲ್ಲಿ! ಗಂಗೆಯ ಆಮೆ, ಪುಣೆಯ ಆಮೆ ಮೊದಲಾದುವು ದೊಡ್ಡ ಕವಲಿನವು.

ಪುಣೆಯ ಆಮೆಯ ಕಥೆ ಸ್ವಾರಸ್ಯವಾಗಿದೆ. 1872ರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿನ ಜಾನ್ ಎಡ್ವರ್ಡ್ ಗ್ರೇ ಅವರು ಇದನ್ನು ವರ್ಣಿಸಿ, ಮುಂಬಯಿಯಲ್ಲಿ ವೈದ್ಯರಾಗಿದ್ದ ಲೀತ್ ಅವರ ಹೆಸರನ್ನಿಟ್ಟರು. ಬಹುಕಾಲ ಇದು ಟ್ರಯೊನಿಕ್ಸ್ ಎಂಬ ದೊಡ್ಡ ಗುಂಪಿನಲ್ಲಿತ್ತು. 1987ರಲ್ಲಿ ಪೀಟರ್ ಮೇಲನ್ ಅವರು ಎಲುಬುಗಳನ್ನು ಹೋಲಿಸಿ ಆ ಅವಿಭಕ್ತ ಕುಟುಂಬವನ್ನು ಪಾಲುಮಾಡಿದಾಗ ಆಸ್ಪಿಡೆರೆಟಿಸ್ ಆಯಿತು. ಮ್ಯಾನ್ಮಾರಿನ ಆಮೆಯೊಂದರೊಡನೆ ಇದಕ್ಕೆ ಹತ್ತಿರದ ನಂಟಿದೆಯೆಂದು ವಂಶವಾಹಿ ಪರೀಕ್ಷೆ ತೋರಿಸಿದ ಮೇಲೆ, 2007ರಲ್ಲಿ ನಿಲ್ಸೋನಿಯ ಆಯಿತು.

ಹೆಸರು ಬದಲಾದರೆ ಆಮೆಗೇನು ಬಂತು ಎನ್ನಬಹುದು. ಇದರ ದಾಯಾದಿಯಾದ ಕರಿಯ ಆಮೆ ನಿಸರ್ಗದಲ್ಲಿ ಅಳಿದುಹೋಯಿತೆಂದು 2002ರಲ್ಲಿ ಸಾರಲಾಗಿತ್ತು. ಚಿತ್ತಗಾಂಗಿನ ದರ್ಗಾ ಒಂದರ ಕೊಳದಲ್ಲಿ ಮಾತ್ರ ಉಳಿದಿದೆಯೆಂಬ ಭಾವನೆಯಿತ್ತು. ಅಸ್ಸಾಮಿನಲ್ಲಿ ಅದರ ಬಳಗವನ್ನು ಗುರುತಿಸಲು ನೆರವಾದುದು ವಂಶವಾಹಿ ಪರೀಕ್ಷೆಯೇ. ಯಾರು ಯಾರೆಂದು ತಿಳಿಯದೆ ಯಾರನ್ನು ಉಳಿಸುವುದು?

ಪುಣೆಯ ಆಮೆಯೂ ಈಗ ಅಳಿವಿನಂಚಿನಲ್ಲಿದೆ. ಮಾಂಸದ ಆಸೆ ಒಂದು ಕಡೆ, ಮರಳಿನ ಲೂಟಿ ಇನ್ನೊಂದು ಕಡೆ. 2022ರಲ್ಲಿ ಪನಾಮಾದಲ್ಲಿ ಸೇರಿದ ವನ್ಯಜೀವಿ ವ್ಯಾಪಾರ ಸಮ್ಮೇಳನವು ಭಾರತದ ಸೂಚನೆಯಂತೆ ಇದಕ್ಕೆ ಅತ್ಯುನ್ನತ ರಕ್ಷಣೆ ನೀಡಿತು. ಆದರೆ ಪನಾಮಾದ ಕಾಗದ ನದಿಯ ದಡವನ್ನು ಕಾಯಲಾರದು.

ಪುಣೆಯ ಮುಳಾ-ಮುಠೆಯ ನೀರು ಭೀಮೆಗೆ ಸೇರಿ, ಭೀಮೆ ಕನ್ನಡನಾಡಿನಲ್ಲಿ ಕೃಷ್ಣೆಯನ್ನು ಕೂಡುತ್ತದೆ. ನಾವು ಬಂದ ನಾಡಿಗೂ ನೆಲೆಸಿದ ನಾಡಿಗೂ ಸೇರಿದ ಈ ನೆರೆಯವನನ್ನು ನಮ್ಮ ಮಕ್ಕಳಿಗೆ ಪರಿಚಯ ಮಾಡಿಕೊಡೋಣ. ಬಲೆಗೆ ಸಿಕ್ಕಿದ ಆಮೆಯನ್ನು ಯಾರಾದರೂ ಮಾರಲು ತಂದರೆ ಕೊಳ್ಳದೆ, ಅರಣ್ಯ ಇಲಾಖೆಗೆ ತಿಳಿಸೋಣ.