ಗಿಡದೊಳಗಿನ ಕಾವಲು: ಕಿರು ಆರ್.ಎನ್.ಎ.ಯೂ ಪರಂಗಿಯ ಉಂಗುರ ಚುಕ್ಕೆ ರೋಗವೂ

ಪರಂಗಿ ತೋಟವನ್ನಿಟ್ಟವರಿಗೆ ಉಂಗುರ ಚುಕ್ಕೆ ರೋಗದ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾದುದಿಲ್ಲ. ಎಳೆಯ ಎಲೆಗಳು ಹಳದಿ ಮಚ್ಚೆಗಳಿಂದ ಕೂಡಿ ಸುರುಟಿಕೊಳ್ಳುವುವು. ರೋಗ ಬಲಿತಾಗ ದಾರದಂತೆ ಕಿರಿದಾಗುವುವು. ತೊಟ್ಟುಗಳ ಮೇಲೆ ಎಣ್ಣೆ ಸವರಿದಂತಹ ಗೀರುಗಳೂ ಕಾಯಿಗಳ ಮೇಲೆ ಉಂಗುರಗಳೂ ಕಾಣಬರುವುವು. ಎಳೆಯ ವಯಸ್ಸಿನಲ್ಲಿಯೇ ರೋಗ ತಗುಲಿದ ಗಿಡದಿಂದ ಫಲವನ್ನು ನಿರೀಕ್ಷಿಸುವುದು ವ್ಯರ್ಥ. ಇದಕ್ಕೆ ಕಾರಣವಾದುದು ವೈರಸ್ ಎಂಬ ಅತಿಸೂಕ್ಷ್ಮ ವಸ್ತು. ರೋಗ ಹತ್ತಿದ ಗಿಡವನ್ನು ವಾಸಿಮಾಡತಕ್ಕ ಔಷಧವು ಇದುವರೆಗೆ ರೈತರ ಕೈಗೆ ಬಂದಿಲ್ಲ. ಆದರೆ ಸಸ್ಯಗಳ ಶರೀರದಲ್ಲಿಯೇ ವೈರಸ್ಸನ್ನು ಎದುರಿಸುವ ಒಂದು ಸ್ವಾಭಾವಿಕ ಏರ್ಪಾಡು ಉಂಟೆಂಬುದು ಸ್ಥಿರಪಟ್ಟಿದೆ. ಕಿರು ಆರ್.ಎನ್.ಎ. ಎಂಬ ಅಣುಗಳೇ ಆ ಏರ್ಪಾಡಿನ ಕಾವಲುಗಾರರು.

ಮೂಲ ಖಾತೆ ಮತ್ತು ನಕಲು

ಸಕಲ ಜೀವಿಗಳ ಶರೀರವೂ ಜೀವಕೋಶಗಳೆಂಬ ಕಣಗಳಿಂದಾದುದು. ಎಲೆಯ ಆಕಾರ, ಹೂವಿನ ಬಣ್ಣ ಮುಂತಾದ ಗುಣಗಳನ್ನು ನಿರ್ಣಯಿಸುವ ವಂಶವಾಹಿಗಳು ಕೋಶದೊಳಗೆ ಡಿ.ಎನ್.ಎ. ಎಂಬ ಎಳೆಯಲ್ಲಿರುವುವು. ಇದನ್ನು ಕಚೇರಿಯ ಪೆಟ್ಟಿಗೆಯಲ್ಲಿಟ್ಟ ಮೂಲ ಖಾತೆಗೆ ಹೋಲಿಸಬಹುದು. ಮೂಲವು ಹೊರಕ್ಕೆ ಹೋಗುವುದಿಲ್ಲ; ಬೇಕಾದ ಭಾಗದ ನಕಲು ಮಾತ್ರ ಹೋಗುವುದು. ಆ ನಕಲೇ ದೂತ ಆರ್.ಎನ್.ಎ. ಅದರಂತೆ ಕೋಶದಲ್ಲಿ ಪ್ರೋಟೀನುಗಳು ತಯಾರಾಗಿ ಕೆಲಸ ನಡೆಯುವುದು. ನಕಲನ್ನು ದಾರಿಯಲ್ಲಿಯೇ ಜಪ್ತಿಮಾಡಿದರೆ ಮೂಲ ಖಾತೆ ಕೆಡದಿದ್ದರೂ ಆಜ್ಞೆಯು ಜಾರಿಗೆ ಬರಲಾರದು. ಕಿರು ಆರ್.ಎನ್.ಎ.ಗಳು ಮಾಡುವುದು ಈ ಜಪ್ತಿಯನ್ನೇ. ಒಂದೊಂದರ ಉದ್ದ ಸುಮಾರು 20ರಿಂದ 25 ಅಕ್ಷರಗಳಷ್ಟು ಮಾತ್ರ.

ಕಂಡುಹಿಡಿದ ಬಗೆ

ಇದರ ಮೊದಲ ಸೂಚನೆ ದೊರೆತುದು ಹೊಲದ ಬೆಳೆಯಲ್ಲಿಯೇ. ಅಮೆರಿಕದ ವರ್ಜೀನಿಯಾ ಪ್ರಾಂತದಲ್ಲಿ ಹೊಗೆಸೊಪ್ಪಿನ ಗಿಡಗಳಿಗೆ ವೈರಸ್ ರೋಗವನ್ನು ತಗುಲಿಸಿದಾಗ ಕೆಳಗಿನ ಎಲೆಗಳು ರೋಗಗ್ರಸ್ತವಾದರೂ ಆಮೇಲೆ ಬಂದ ಮೇಲಿನ ಎಲೆಗಳು ಆರೋಗ್ಯವಾಗಿದ್ದುವು. ಅದೇ ರೋಗವನ್ನು ಪುನಃ ತಗುಲಿಸಿದರೂ ಅವು ಜಗ್ಗಲಿಲ್ಲ. ವಿಂಗಾರ್ಡ್ ಎಂಬವರು 1928ರಲ್ಲಿ ಇದನ್ನು ಪ್ರಕಟಿಸಿದರು. ಕಾರಣವು ಆಗ ಯಾರಿಗೂ ತಿಳಿಯಲಿಲ್ಲ.

1990ರಲ್ಲಿ ಪೆಟೂನಿಯಾ ಹೂವಿನ ನೇರಳೆ ಬಣ್ಣವನ್ನು ಗಾಢಪಡಿಸಲು ಬಣ್ಣದ ವಂಶವಾಹಿಯ ಮತ್ತೊಂದು ಪ್ರತಿಯನ್ನು ಗಿಡಕ್ಕೆ ಸೇರಿಸಲಾಯಿತು. ಬಣ್ಣ ಹೆಚ್ಚುವುದಕ್ಕೆ ಬದಲಾಗಿ ಹಲವು ಹೂಗಳು ಬೆಳ್ಳಗಾದುವು. 1993ರಲ್ಲಿ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್ಕನ್ ಎಂಬ ಅಮೆರಿಕದ ವಿಜ್ಞಾನಿಗಳು ಸುಮಾರು ಒಂದು ಮಿಲಿಮೀಟರ್ ಉದ್ದದ ಹುಳುವೊಂದರಲ್ಲಿ, 22 ಅಕ್ಷರಗಳ ಆರ್.ಎನ್.ಎ. ತುಣುಕು ಇನ್ನೊಂದು ವಂಶವಾಹಿಯ ನಕಲಿಗೆ ಅಂಟಿಕೊಂಡು ಅದರ ಕೆಲಸವನ್ನು ತಡೆಯುವುದೆಂದು ತೋರಿಸಿದರು. ಆಂಡ್ರ್ಯೂ ಫೈರ್ ಮತ್ತು ಕ್ರೇಗ್ ಮೆಲ್ಲೋ ಅವರು 1998ರಲ್ಲಿ ಜೋಡಿ ಎಳೆಯ ಆರ್.ಎನ್.ಎ.ಯಿಂದ ವಂಶವಾಹಿಯ ಬಾಯಿ ಕಟ್ಟಬಹುದೆಂದು ಸಿದ್ಧಪಡಿಸಿದರು. ಮರುವರ್ಷವೇ ಇಂಗ್ಲೆಂಡಿನ ಹ್ಯಾಮಿಲ್ಟನ್ ಮತ್ತು ಬಾಲ್ಕೂಮ್ ಅವರು ಗಿಡಗಳಲ್ಲಿ ಈ ಕಿರು ತುಣುಕುಗಳನ್ನು ಕಂಡರು. ಫೈರ್ ಮತ್ತು ಮೆಲ್ಲೋ ಅವರಿಗೆ 2006ರಲ್ಲಿಯೂ, ಆಂಬ್ರೋಸ್ ಮತ್ತು ರವ್ಕನ್ ಅವರಿಗೆ 2024ರಲ್ಲಿಯೂ ನೊಬೆಲ್ ಬಹುಮಾನವು ಸಂದಿತು.

ಕಾವಲಿನ ಕ್ರಮ

ಪರಂಗಿಯ ವೈರಸ್ಸಿನಂತಹವು ತಾವೇ ಆರ್.ಎನ್.ಎ.ಯಿಂದಾದವು. ಅವು ಕೋಶದಲ್ಲಿ ವೃದ್ಧಿಯಾಗುವಾಗ ಜೋಡಿ ಎಳೆಯ ಆರ್.ಎನ್.ಎ. ಹುಟ್ಟುವುದು. ಗಿಡದ ಡೈಸರ್ ಎಂಬ ಪ್ರೋಟೀನು ಇದನ್ನು ಕಂಡೊಡನೆ ಸಣ್ಣ ತುಣುಕುಗಳಾಗಿ ಕತ್ತರಿಸುವುದು. ಆರ್ಗೋನಾಟ್ ಎಂಬ ಮತ್ತೊಂದು ಪ್ರೋಟೀನು ಅಂತಹ ತುಣುಕೊಂದನ್ನು ಗುರುತಿನ ಚೀಟಿಯಂತೆ ಹಿಡಿದು, ಅದಕ್ಕೆ ತಾಳೆಯಾಗುವ ವೈರಸ್ಸಿನ ಎಳೆಗಳನ್ನು ಹುಡುಕಿ ತುಂಡರಿಸುವುದು. ಚೀಟಿಗಳು ಗಿಡದ ಇತರ ಭಾಗಗಳಿಗೂ ಹರಡುವುವು. ಹೊಗೆಸೊಪ್ಪಿನ ಮೇಲಿನ ಎಲೆಗಳು ಚೇತರಿಸಿಕೊಂಡ ರಹಸ್ಯವು ಇದೇ.

ಹಾಗಾದರೆ ಪರಂಗಿಯು ಸೋಲುವುದೇಕೆ? ವೈರಸ್ಸು ಸಹ ಸುಮ್ಮನಿರುವುದಿಲ್ಲ. ಈ ಕಾವಲನ್ನು ಕುಗ್ಗಿಸುವ ಪ್ರೋಟೀನನ್ನು ತಾನು ತಯಾರಿಸುವುದು. ಗಿಡವು ಎಲೆಯ ಆಕಾರವನ್ನೂ ಹೂಬಿಡುವ ಕಾಲವನ್ನೂ ಕ್ರಮಪಡಿಸುವುದು ಸಹ ತನ್ನದೇ ಆದ ಕಿರು ಆರ್.ಎನ್.ಎ.ಗಳಿಂದ. ವೈರಸ್ಸಿನ ಪ್ರೋಟೀನು ಆ ಕೆಲಸವನ್ನೂ ಕೆಡಿಸಿ ಎಲೆಗಳನ್ನು ವಿಕಾರಗೊಳಿಸಬಲ್ಲದೆಂದು ಇದೇ ಪಂಗಡದ ಬೇರೊಂದು ವೈರಸ್ಸಿನಲ್ಲಿ 2003ರಲ್ಲಿ ತಿಳಿದುಬಂದಿತು.

ಮನುಷ್ಯರ ರೋಗಗಳಲ್ಲಿ

ಮನುಷ್ಯನ ಶರೀರದಲ್ಲಿಯೂ ಇಂತಹ ಅಣುಗಳು ನೂರಾರು ಬಗೆಯಾಗಿವೆ. ಅವು ಕಡಿಮೆಯಾದರೆ ಕೋಶಗಳ ಬೆಳವಣಿಗೆಯು ಅಂಕೆ ತಪ್ಪುವುದುಂಟು. ಒಂದು ಬಗೆಯ ರಕ್ತದ ಕ್ಯಾನ್ಸರಿನಲ್ಲಿ ಎರಡು ಕಿರು ಆರ್.ಎನ್.ಎ.ಗಳ ವಂಶವಾಹಿಗಳು ಅನೇಕ ರೋಗಿಗಳಲ್ಲಿ ನಷ್ಟವಾಗಿರುವುದು 2002ರಲ್ಲಿ ಗೊತ್ತಾಯಿತು. ನರಗಳನ್ನು ಕ್ಷೀಣಿಸುವ ಒಂದು ಆನುವಂಶಿಕ ವ್ಯಾಧಿಗೆ ಇದೇ ತತ್ತ್ವದ ಮೊದಲ ಔಷಧವು 2018ರಲ್ಲಿ ಅಮೆರಿಕದಲ್ಲಿಯೂ ಯೂರೋಪಿನಲ್ಲಿಯೂ ಅಂಗೀಕೃತವಾಯಿತು.

ಹವಾಯಿಯ ಅನುಭವ

ಪೆಸಿಫಿಕ್ ಸಾಗರದ ಹವಾಯಿ ದ್ವೀಪಗಳಲ್ಲಿ ಪರಂಗಿಯ ಮುಖ್ಯ ಸೀಮೆಯಾದ ಪೂನಾ ಪ್ರದೇಶಕ್ಕೆ 1992ರಲ್ಲಿ ಉಂಗುರ ಚುಕ್ಕೆ ರೋಗವು ಹೊಕ್ಕು, ಕೆಲವೇ ವರ್ಷಗಳಲ್ಲಿ ತೋಟಗಳನ್ನು ಹಾಳುಗೆಡವಿತು. ಡೆನಿಸ್ ಗೊನ್ಸಾಲ್ವೆಸ್ ಮತ್ತು ಅವರ ಸಂಗಡಿಗರು ವೈರಸ್ಸಿನ ಹೊರಕವಚದ ವಂಶವಾಹಿಯನ್ನು ಪರಂಗಿಗೆ ಸೇರಿಸಿ ತಳಿಯನ್ನು ಸಿದ್ಧಪಡಿಸಿದ್ದರು. 1998ರಲ್ಲಿ ‘ಸನ್‌ಅಪ್’ ಮತ್ತು ‘ರೇನ್‌ಬೋ’ ಎಂಬ ತಳಿಗಳ ಬೀಜವನ್ನು ಬೆಳೆಗಾರರಿಗೆ ಹಂಚಲಾಯಿತು. ಈ ಗಿಡಗಳಲ್ಲಿ ವೈರಸ್ಸಿಗೆ ತಾಳೆಯಾಗುವ ಕಿರು ತುಣುಕುಗಳು ಮೊದಲೇ ಸಿದ್ಧವಾಗಿರುವುದರಿಂದ ರೋಗವು ತಲೆಯೆತ್ತಲಾರದು.

ಆದರೆ ಚೀಟಿಯ ಅಕ್ಷರಗಳು ತಾಳೆಯಾದರೆ ಮಾತ್ರ ಕಾವಲು ನಡೆಯುವುದು. ಹವಾಯಿಯ ವೈರಸ್ಸಿಗಾಗಿ ಮಾಡಿದ ತಳಿ ಬೇರೆ ದೇಶಗಳ ವೈರಸ್ಸುಗಳಿಗೆ ಪರೀಕ್ಷೆಯಲ್ಲಿ ಈಡಾದುದುಂಟು. ಅಲ್ಲದೆ ಅಂತಹ ಪರಂಗಿಯನ್ನು ಬೆಳೆಯಲು ಭಾರತದಲ್ಲಿ ಅನುಮತಿಯಿಲ್ಲ. ಆದಕಾರಣ ಹೆಸರನ್ನು ಮಾತ್ರ ಕೇಳಿ ಹೊರನಾಡಿನ ಬೀಜಕ್ಕೆ ಹಣ ತೆರುವುದು ಜಾಣತನವಲ್ಲ.

ಬೆಳೆಗಾರರು ಮಾಡತಕ್ಕದ್ದು

ಈ ವೈರಸ್ಸನ್ನು ಹರಡುವುದು ಗಿಡಹೇನು. ರೋಗದ ಎಲೆಯನ್ನು ಕ್ಷಣಮಾತ್ರ ಚುಚ್ಚಿದ ಹೇನು ಪಕ್ಕದ ಗಿಡಕ್ಕೆ ಹಾರಿ ರೋಗವನ್ನಂಟಿಸುವುದು. ವಿಷ ಸಿಂಪಡಿಸಿದರೂ ಹೇನು ಸಾಯುವ ಮೊದಲೇ ಅಂಟಿಸುವುದರಿಂದ ಸಿಂಪಡಣೆಯೊಂದನ್ನೇ ನಂಬತಕ್ಕದ್ದಲ್ಲ. ಈ ಮುಂದಿನ ಕ್ರಮಗಳು ಪ್ರಯೋಜನಕರವಾದುವು:

1. ಸಸಿಗಳನ್ನು ಒತ್ತಾದ ನೈಲಾನ್ ಬಲೆಯ ಮರೆಯಲ್ಲಿ ಬೆಳೆಸಿ, ರೋಗರಹಿತವಾದವನ್ನೇ ನಾಟಿಮಾಡಬೇಕು.
2. ನಾಟಿಗೆ ಮುಂಚೆಯೇ ತೋಟದ ಸುತ್ತಲೂ ಮುಸುಕಿನ ಜೋಳವನ್ನು ಒತ್ತಾಗಿ ಬಿತ್ತಬೇಕು. ಹಾರಿಬರುವ ಹೇನು ಮೊದಲು ಅದರ ಮೇಲೆ ಕುಳಿತು ಬಾಯಿಯ ವೈರಸ್ಸನ್ನು ಅಲ್ಲಿಯೇ ಕಳೆದುಕೊಳ್ಳುವುದು.
3. ಕುಂಬಳ, ಸೌತೆ, ಕಲ್ಲಂಗಡಿ ಮೊದಲಾದ ಬಳ್ಳಿಗಳನ್ನು ಸಮೀಪದಲ್ಲಿ ಬೆಳೆಯಕೂಡದು.
4. ರೋಗ ಕಂಡ ಗಿಡವನ್ನು ತಡಮಾಡದೆ ಬೇರುಸಹಿತ ಕಿತ್ತು ನಾಶಪಡಿಸಬೇಕು.

ನಾಲ್ಕನೆಯದು ಎಲ್ಲಕ್ಕಿಂತ ಕಷ್ಟವಾದುದು. ಕಾಯಿ ತುಂಬಿದ ಗಿಡವನ್ನು ಕಡಿಯಲು ಯಾವ ಒಕ್ಕಲಿಗನಿಗೂ ಕೈಬಾರದು. ಆದರೆ ಒಬ್ಬನು ಉಳಿಸಿಕೊಂಡ ನಾಲ್ಕು ರೋಗದ ಗಿಡಗಳು ಬದುವಿನಾಚೆಯವನ ಇಡೀ ತೋಟಕ್ಕೆ ಮೃತ್ಯುವಾಗಬಹುದು. ಗಿಡಹೇನಿಗೆ ಗಡಿಕಲ್ಲು ತಿಳಿಯದು. ಆದುದರಿಂದ ಗ್ರಾಮದ ಮುಖಂಡರು ಪರಂಗಿ ಬೆಳೆಗಾರರೆಲ್ಲರನ್ನೂ ಒಟ್ಟುಗೂಡಿಸಿ, ಒಂದೇ ವಾರದಲ್ಲಿ ಊರಿನ ಎಲ್ಲ ತೋಟಗಳನ್ನೂ ನೋಡಿ, ರೋಗದ ಗಿಡಗಳನ್ನು ತೆಗೆಯಿಸುವ ಕಟ್ಟುಪಾಡನ್ನು ಮಾಡಿಕೊಳ್ಳುವುದು ಶ್ರೇಯಸ್ಕರ. ಜಮೀನುದಾರರು ಈ ಕೆಲಸವನ್ನು ತಮ್ಮ ತೋಟದಿಂದಲೇ ಮೊದಲುಮಾಡಿದಲ್ಲಿ ಉಳಿದವರು ಹಿಂಜರಿಯಲಾರರು.